ಮಿಶ್ರಿಕೋಟಿಯ ಮಡಿವಾಳೆಪ್ಪನ ಬೇಸಿಗೆ ತರಬೇತಿ

ಮಿಶ್ರಿಕೋಟಿಯ ಶಂಕ್ರಪ್ಪನವರ ಮಗ ಮಡಿವಾಳೆಪ್ಪನು ೧೯೭೬ರ ಬೇಸಿಗೆಯಲ್ಲಿ ಸಲಹೆ ಕೊಡುವ ವಿದ್ಯೆಯನ್ನು ಕಲಿತನು. ಅದಕ್ಕೂ ಮೊದಲು ಅವನಿಗೆ ತಿಳಿದಿದ್ದ ಒಂದೆರಡು ಒಳ್ಳೆಯ ಸಂಗತಿಗಳು ಅದೇ ಬೇಸಿಗೆಯಲ್ಲಿ ಅವನಿಗೆ ಮರೆತುಹೋದವು. ಇಂದು ಅವನು ಪುಣೆಯಲ್ಲಿ ದೊಡ್ಡ ನೌಕರಿಯಲ್ಲಿದ್ದಾನೆ. ಓದಲು ಕುಳ್ಳಿರದ ಮಕ್ಕಳಿಗೆ ಅವನನ್ನು ಮಾದರಿಯೆಂದು ಹೇಳುವ ತಂದೆಗಳು ನಮ್ಮ ಊರಿನಲ್ಲಿ ಕಡಿಮೆಯಿಲ್ಲ. ಮಾದರಿಯನ್ನು ತೋರಿಸುವವರು ಅದರ ಮುಖದ ಜೊತೆಗೆ ಬೆನ್ನನ್ನೂ ತೋರಿಸಬೇಕು ಎಂಬುದು ನನ್ನ ಮತ. ಅವರು ತೋರಿಸುವುದಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ.

ಮಡಿವಾಳೆಪ್ಪನು ತೆವಳುತ್ತಿದ್ದಾಗಲೇ ಅವನ ತಾಯಿ ತೀರಿಕೊಂಡಳು. ಅವನನ್ನು ಬೆಳೆಸಿದವಳು ಅಕ್ಕ ಅನ್ನವ್ವ. ಆಗ ಅವಳಿನ್ನೂ ಪರಕಾರ ಉಡುವ ಹುಡುಗಿ. ತಮ್ಮನನ್ನು ಸೊಂಟದ ಮೇಲೆ ಕೂಡಿಸಿಕೊಂಡೇ ರೊಟ್ಟಿ ಬಡಿಯುವುದನ್ನು ಕಲಿತಳು. ಅವನನ್ನು ಶಾಲೆಗೆ ಕಳಿಸುವ ವಯಸ್ಸು ಬಂದಾಗ ತನ್ನ ಶಾಲೆಯ ವಯಸ್ಸು ಮುಗಿದಿದೆ ಎಂಬುದನ್ನು ಕಂಡುಕೊಂಡಳು. ಆಮೇಲೆ ಮಠದಲ್ಲಿ ಹೆಂಗಸರಿಗಾಗಿ ಸಂಜೆಶಾಲೆ ಆರಂಭವಾಯಿತು. ಅಲ್ಲಿ ನನ್ನ ಬದಿಗೆ ಕುಳಿತು ಅವಳು ಅಕ್ಷರ ತಿದ್ದಿದಳು. ನಾನು ಇಂಗ್ಲಿಷೂ ಸೇರಿದಂತೆ ಪರೀಕ್ಷೆಗಳನ್ನು ಒಂದೊಂದಾಗಿ ಕಟ್ಟಿ ಊರಿನ ಬಾಲವಾಡಿಯ ಶಿಕ್ಷಕಿಯಾದೆ. ಅವಳು ತಮ್ಮನು ಹುಬ್ಬಳ್ಳಿಯ ಕಾಲೇಜು ಸೇರುವವರೆಗೆ ಮದುವೆಯ ಮಾತನ್ನು ಮುಂದೂಡುತ್ತ ಬಂದು, ಕೊನೆಗೆ ಕುಂದಗೋಳ ತಾಲೂಕಿನ ಕುಬಿಹಾಳಕ್ಕೆ ಸೊಸೆಯಾಗಿ ಹೋದಳು. ಮೊದಲನೆಯ ಕೂಸು ಹುಟ್ಟಿ, ಹೆಸರಿಡುವ ದಿನ ಬರುವ ಮುಂಚೆಯೇ ಹೋಯಿತು. ನಾನು ಹೇಳುತ್ತಿರುವ ಬೇಸಿಗೆಯಲ್ಲಿ ಅವಳು ಎರಡನೆಯ ಬಾರಿ ಬಸುರಿಯಾಗಿ, ಕುಬಸದ, ಅಂದರೆ ಸೀಮಂತದ, ಶಾಸ್ತ್ರ ಮುಗಿಸಿಕೊಂಡು ಬಾಣಂತನಕ್ಕೆಂದು ತವರಿಗೆ ಬಂದಿದ್ದಳು.

ಮಡಿವಾಳೆಪ್ಪನು ಆಗ ಪುಣೆಯಲ್ಲಿ ವ್ಯವಹಾರ ನಡೆಸುವ ಶಾಸ್ತ್ರವನ್ನು ಓದುತ್ತಿದ್ದನು. ಎರಡು ವರ್ಷದ ಓದಿನ ನಡುವೆ ಬರುವ ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಗಳು ಯಾವುದಾದರೂ ಕಂಪನಿಯಲ್ಲಿ ಕೆಲಸ ಕಲಿಯಬೇಕೆಂದು ಅವನ ಸಂಸ್ಥೆಯ ನಿಯಮವಿತ್ತು. ಅವನಿಗೆ ಸಿಕ್ಕಿದ್ದು ಬೆಹರೆ ಎಂಬವರ ಸಲಹಾ ಕಂಪನಿ. ಗಿರಣಿಯವರಿಗೆ ಗಿರಣಿ ನಡೆಸುವುದು ಹೇಗೆಂದು, ಅಂಗಡಿಯವರಿಗೆ ಅಂಗಡಿ ನಡೆಸುವುದು ಹೇಗೆಂದು ಬರೆದುಕೊಡುವುದು ಆ ಕಂಪನಿಯ ಉದ್ಯೋಗ. ಬೆಹರೆಯವರು ಸ್ವತಃ ಒಂದು ಹಿಟ್ಟಿನ ಗಿರಣಿಯನ್ನಾದರೂ ನಡೆಸಿದ್ದಾರೆಯೇ ಎಂದು ನಾನು ವಿಚಾರಿಸಿದೆ. ಇಲ್ಲವಂತೆ. ಅದರ ಅಗತ್ಯವೂ ಇಲ್ಲವಂತೆ.

ಯುಗಾದಿಗೆ ಊರಿಗೆ ಬಂದಾಗ ಅವನು ಇದನ್ನೆಲ್ಲ ತಂದೆಗೆ ವಿವರಿಸಲು ಹೊರಟಿದ್ದನು. ಶಂಕ್ರಪ್ಪನವರು ಎಲೆ ಅಡಿಕೆ ಜಗಿಯುತ್ತ ಕೇಳಿದರು.

"ಅಂದ್ರ ಬರೇ ಸಲಹಾ ಕೊಡೂದು?"

"ಹೌದಪ್ಪಾ."

"ಅದಕ್ಕ ಪಗಾರ ಕೊಡ್ತಾರು?"

"ಭಾಳ ಕೊಡ್ತಾರ."

"ನಮ್ಮ ಚಾವಡಿ ಕಟ್ಟಿ ಮ್ಯಾಲೆ ಮುಂಜಾನಿಂದ ಸಂಜೀತನ ಪುಕ್ಕಟ ಕೊಡ್ತಾರಲೇ! ಯಾರೂ ತಗೊಳ್ಳೂದಿಲ್ಲ, ಅದು ಬ್ಯಾರೆ ಮಾತು."

ಒಳಗೆ ಅಕ್ಕಿ ಆರಿಸುತ್ತ ಕುಳಿತಿದ್ದ ಅನ್ನವ್ವ ನಕ್ಕಳು. ಮಡಿವಾಳೆಪ್ಪನೂ ನಕ್ಕನು. ಅವನು ತನ್ನ ಮೇಲೆ ತಾನೇ ನಕ್ಕಿದ್ದನ್ನು ನಾನು ಕಂಡದ್ದು ಅದೇ ಕೊನೆಯ ಸಲ.

ಮೇ ತಿಂಗಳಲ್ಲಿ ಅವನು ಮತ್ತೆ ಬಂದದ್ದು ಕಂಪನಿಯ ಜೀಪಿನಲ್ಲಿ. ಹೊಲದ ಮೇಲೆ ಕಾಗೆಯೂ ಹಾರದ ಬಿಸಿಲಿನಲ್ಲಿ ಅವನ ಕುತ್ತಿಗೆಯಲ್ಲೊಂದು ಟೈ ಇತ್ತು. ಜೊತೆಯಲ್ಲಿ ಬೆಹರೆ ಸಾಹೇಬರು. ಬೆಳ್ಳಗಿನ, ದುಂಡಗಿನ, ಸದಾ ಸಂತೋಷವಾಗಿರುವ ಮನುಷ್ಯ. ಕಲಘಟಗಿಯ ಬಣ್ಣದ ತೊಟ್ಟಿಲು ಮಾಡುವವರಿಗೆ ಸಾಲ ಕೊಡುವ ವಿಚಾರ ಒಂದು ಬ್ಯಾಂಕಿಗೆ ಬಂದಿತ್ತಂತೆ. ಈ ಕಸಬನ್ನು ಬೆಳೆಸುವುದು ಹೇಗೆಂದು ತಿಳಿಸುವ ಕೆಲಸ ಬೆಹರೆಯವರಿಗೆ ಬಂದಿತ್ತು. ಬೆಹರೆಯವರು ಸೀಮೆ ಬಲ್ಲವನೆಂದು ಮಡಿವಾಳೆಪ್ಪನನ್ನು ಕರೆದುಕೊಂಡು ಬಂದಿದ್ದರು. ಅವನ ಹೆಸರು ಅವರ ಬಾಯಲ್ಲಿ ಹೊರಳುತ್ತಿರಲಿಲ್ಲ. ಅದಕ್ಕೆ ಅವನನ್ನು "ಮ್ಯಾಡಿ" ಎಂದು ಕರೆಯುತ್ತಿದ್ದರು. ಅವನು ನಾಯಿಮರಿಯಂತೆ ತಟ್ಟನೆ ತಿರುಗಿ ನೋಡುತ್ತಿದ್ದನು. ಊರ ದೇವರ ಹೆಸರನ್ನು ಅವನ ತಾಯಿ ಹರಕೆ ಹೊತ್ತು ಇಟ್ಟಿದ್ದಳು.

ಹೆಂಗಸರನ್ನು ಮಾತಾಡಿಸಲು ಒಬ್ಬ ಹೆಂಗಸು ಬೇಕೆಂದು ಅವರು ನನ್ನನ್ನು ಕೇಳಿದರು. ಬಾಲವಾಡಿಗೆ ರಜೆಯಿತ್ತು; ಅನ್ನವ್ವನೂ, "ಹೋಗಿ ಬಾ, ಏನ್ ಮಾಡತಾನ ನೋಡಿ ಬಂದು ಹೇಳು," ಎಂದಳು. ಹೀಗೆ ನಾನು ಅವರ ಜೀಪಿನ ಹಿಂದಿನ ಸೀಟಿನಲ್ಲಿ ಕುಳಿತು ಕಲಘಟಗಿಗೆ ಹೋದೆ. ದಾರಿಯುದ್ದಕ್ಕೂ ಸಾಹೇಬರು ಇಂಗ್ಲಿಷಿನಲ್ಲಿ ಮಾತಾಡಿದರು. ಈ ಬೇಸಿಗೆಯಲ್ಲಿ ತಮ್ಮ ಬಳಿ ಮೂವರು ವಿದ್ಯಾರ್ಥಿಗಳಿದ್ದಾರೆ, ಓದು ಮುಗಿದ ಮೇಲೆ ಅವರಲ್ಲಿ ಒಬ್ಬನನ್ನು ಮಾತ್ರ ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ ಎಂದರು. ನನಗೆ ಇಂಗ್ಲಿಷ್ ತಿಳಿಯುವುದಿಲ್ಲವೆಂದು ಅವರು ನಂಬಿದ್ದರು. ನಾನು ಆ ನಂಬಿಕೆಯನ್ನು ಕೆಡಿಸಲು ಹೋಗಲಿಲ್ಲ.

ತೊಟ್ಟಿಲಿನ ಚಿತ್ರಗಾರ ಹನಮಂತಪ್ಪನು ತನ್ನ ಮನೆಯಲ್ಲಿರಲಿಲ್ಲ. ಆಸ್ಪತ್ರೆಯ ಗೋಡೆಯ ಮುಂದೆ ಏಣಿಯ ಮೇಲೆ ನಿಂತು ಕುಟುಂಬ ಯೋಜನೆಯ ಕೆಂಪು ತ್ರಿಕೋನವನ್ನು ಬರೆಯುತ್ತಿದ್ದನು. ಆ ವರ್ಷ ತಾಲೂಕಿನ ಒಂದು ಗೋಡೆಯೂ ತ್ರಿಕೋನವಿಲ್ಲದೆ ಉಳಿದಿರಲಿಲ್ಲ. ಸರಕಾರವು ಮಕ್ಕಳು ಕಡಿಮೆಯಾಗಲಿ ಎನ್ನುತ್ತಿತ್ತು, ಸಾಹೇಬರು ತೊಟ್ಟಿಲು ಹೆಚ್ಚಾಗಲಿ ಎನ್ನಲು ಬಂದಿದ್ದರು. ಹನಮಂತಪ್ಪನು ಎರಡೂ ಕೆಲಸಗಳನ್ನು ಒಂದೇ ಕುಂಚದಿಂದ ಮಾಡಲು ಸಿದ್ಧನಿದ್ದನು. ಅವನು ಸಾಧು ಮನುಷ್ಯನೇನಲ್ಲ. ಹೊಗಳಿಕೆಗೆ ಬಾಯಿ ಬಿಡುವವನು, ಹೇಳಿದ ದಿನಕ್ಕೆ ಎಂದೂ ಕೆಲಸ ಮುಗಿಸದವನು, ದೊಡ್ಡವರು ಏನು ಹೇಳಿದರೂ "ಹೌದ್ರಿ" ಎನ್ನುವವನು.

"ತೊಟ್ಟಿಲುಗಳನ್ನು ಮೊದಲೇ ಮಾಡಿ ಸಾಲಾಗಿ ಇಡಬಹುದೇ ಎಂದು ಸಾಹೇಬರು ಕೇಳುತ್ತಾರೆ," ಎಂದು ಮಡಿವಾಳೆಪ್ಪನು ಪುಸ್ತಕದ ಕನ್ನಡದಲ್ಲಿ ಕೇಳಿದನು. ತನ್ನ ಊರಿನ ಮಾತನ್ನು ಅವನು ಜೀಪಿನಲ್ಲಿಯೇ ಬಿಟ್ಟು ಇಳಿದಿದ್ದನು.

"ಇಡಬಹುದ್ರಿ."

"ಎಲ್ಲದಕ್ಕೂ ಒಂದೇ ಚಿತ್ರ ಬರೆದರೆ ಕೆಲಸ ಬೇಗ ಆಗುವುದಿಲ್ಲವೇ?"

"ಆಗತೈತ್ರಿ, ಯಾಕಾಗೂದಿಲ್ಲ."

ಸಾಹೇಬರು ಸಂತೋಷದಿಂದ ಬರೆದುಕೊಂಡರು. ಹಾಗಾದರೆ ಇಂದೇ ಒಂದನ್ನು ಆರಂಭಿಸು ಎಂದು ಹೇಳಿಸಿದರು. ಆಗ ಹನಮಂತಪ್ಪನು ಏಣಿಯಿಂದ ಇಳಿದು, ಕೈ ಒರೆಸಿಕೊಂಡು ಕೇಳಿದನು:

"ಯಾರ ಕೂಸಿಗ್ರಿ?"

"ಯಾರ ಕೂಸಿಗೂ ಅಲ್ಲ. ಅಂಗಡಿಯಲ್ಲಿಡಲು."

"ಹಂಗ ಹ್ಯಾಂಗ್ರಿ, ತಮ್ಮಾ? ನೀವು ಈ ಬಾಜೂದವರ ಅಲ್ಲೇನು? ಕುಬಸ ಆದ ಮ್ಯಾಲೆ ಇಂಥಾವರ ಮನೀದಂತ ಹೇಳಿ ಕಟಿಗಿಗೆ ಕೈ ಹಚ್ಚತೇವಿ. ಕೂಸು ಅತ್ತ ಸುದ್ದಿ ಬಂದ ಮ್ಯಾಲೆ ತೊಟ್ಟಲಾ ನಮ್ಮ ಹೊಸ್ತಿಲಾ ದಾಟತೈತಿ. ಯಾರದೂ ಅಲ್ಲದ ತೊಟ್ಟಲಾ ಯಾವ ತಾಯಿ ತಗೊಂಡಾಳು? ಬರೇ ತೊಟ್ಟಲಾ ತೂಗಿದಂಗ ಆಗತೈತಿ ಅದು."

ಇಷ್ಟನ್ನು ಅವನು ಬಹಳ ಸಹಜವಾಗಿ ಹೇಳಿದನು. ಬರಿದು ತೊಟ್ಟಿಲು ತೂಗಿದರೆ ಹುಟ್ಟುವ ಕೂಸಿಗೆ ಕೇಡೆಂಬುದನ್ನು ತಿಳಿಯದ ಮಗು ನಮ್ಮ ಸೀಮೆಯಲ್ಲಿಲ್ಲ. ಸಾಹೇಬರು ಅವನು ಏನು ಹೇಳಿದನೆಂದು ಮಡಿವಾಳೆಪ್ಪನತ್ತ ನೋಡಿದರು. ಮಡಿವಾಳೆಪ್ಪನು ಇಂಗ್ಲಿಷಿನಲ್ಲಿ, "ಮಳೆಗಾಲದೊಳಗೆ ಕಟ್ಟಿಗೆ ಸಿಗಬೇಕು ಎನ್ನುತ್ತಾನೆ," ಎಂದು ಹೇಳಿದನು.

ನಾನು ಅವನ ಮುಖವನ್ನೇ ನೋಡಿದೆ. ಅವನು ನನ್ನ ಮುಖವನ್ನು ನೋಡಲಿಲ್ಲ. ನಿಜ ಹೇಳಿದ್ದರೆ ಸಾಹೇಬರ ಯೋಜನೆ ಆ ಗೋಡೆಯ ಮುಂದೆಯೇ ಮುಗಿಯುತ್ತಿತ್ತು. ಸಾಹೇಬರು ಬೇಸರಪಟ್ಟುಕೊಂಡು ಪುಣೆಯ ಹಾದಿ ಹಿಡಿಯುತ್ತಿದ್ದರು. ಉಳಿದ ಇಬ್ಬರಲ್ಲಿ ಯಾರೋ ಒಬ್ಬನಿಗೆ ಆ ನೌಕರಿ ಸಿಗುತ್ತಿತ್ತು. ಇದಿಷ್ಟನ್ನೂ ಅವನು ಎಣಿಸಿ ನೋಡಲು ಒಂದು ಉಸಿರಿನಷ್ಟು ಹೊತ್ತು ಸಾಕಾಯಿತು. ಕಂಪನಿಯವರು ಅವನನ್ನು ಚುರುಕು ಹುಡುಗನೆಂದು ಕರೆದದ್ದು ಸುಳ್ಳಲ್ಲ.

ಮರುದಿನ ಅವನು ಒಬ್ಬನೇ ಹನಮಂತಪ್ಪನ ಬಳಿಗೆ ಹೋಗಿ, "ನಮ್ಮ ಅನ್ನವ್ವನ ಕೂಸಿಗೆ ತೊಟ್ಟಲಾ ಬೇಕು, ಕುಬಸ ಆಗೇತಿ, ಚಲೋತ್ನಂಗ ಮಾಡ್ರಿ," ಎಂದು ಹೇಳಿದನು. ಆಗ ಮಾತ್ರ ಊರಿನ ಭಾಷೆ ಅವನ ನಾಲಿಗೆಗೆ ತಿರುಗಿ ಬಂದಿತ್ತು. ತವರಿನಿಂದ ತೊಟ್ಟಿಲು ಹೋಗುವುದು ರೂಢಿ, ಸೋದರಮಾವನೇ ಬಂದು ಹೇಳುವುದೂ ರೂಢಿ. ಹನಮಂತಪ್ಪನು ಅನುಮಾನ ಪಡಲಿಲ್ಲ. ಮೊದಲ ಕೂಸು ಉಳಿಯಲಿಲ್ಲವೆಂಬುದು ಅವನಿಗೂ ಗೊತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಹೇಳಿದ ದಿನಕ್ಕೆ ಕೆಲಸ ಮುಗಿಸಿದನು. ಅರಗಿನ ಬಣ್ಣದಲ್ಲಿ ಶಿವ ಪಾರ್ವತಿಯರನ್ನು, ನಂದಿಯನ್ನು, ಸುತ್ತಲೂ ಗಿಳಿಗಳನ್ನು ಬರೆದನು. ಇದನ್ನು ಅವನೇ ಆಮೇಲೆ ನನ್ನ ಮುಂದೆ ಹೇಳಿಕೊಂಡು ತಲೆ ತಲೆ ಬಡಿದುಕೊಂಡನು.

ತೊಟ್ಟಿಲು ಸಿದ್ಧವಾದೊಡನೆ ಸಾಹೇಬರಿಗೆ ಅದನ್ನು ಹಳ್ಳಿಯ ಹೆಂಗಸರ ಮುಂದಿಟ್ಟು ಪರೀಕ್ಷಿಸುವ ಉತ್ಸಾಹ ಬಂದಿತು. ಬ್ಯಾಂಕಿನ ಒಬ್ಬ ಅಧಿಕಾರಿಯನ್ನೂ ಕರೆಸುವುದಾಗಿ ಹೇಳಿದರು. ಸ್ಥಳ ಎಲ್ಲಿ ಎಂಬ ಪ್ರಶ್ನೆ ಬಂದಾಗ ಮಡಿವಾಳೆಪ್ಪನು ತಾನಾಗಿಯೇ, "ನಮ್ಮ ಮನೆಯ ಪಡಸಾಲೆ ದೊಡ್ಡದಿದೆ," ಎಂದನು. ಕಲಘಟಗಿಯಿಂದ ತೊಟ್ಟಿಲನ್ನು ಜೀಪಿಗೆ ಏರಿಸುವಾಗ ಹನಮಂತಪ್ಪನು ಅಡ್ಡ ಬಂದು, "ಕೂಸು ಇನ್ನೂ ಅತ್ತಿಲ್ಲಲ್ರೀ!" ಎಂದನಂತೆ. "ಸಾಹೇಬ್ರು ನೋಡಿದ ಮ್ಯಾಲೆ ತಿರುಗಿ ತಂದಿಡತೇನಿ," ಎಂಬ ಉತ್ತರ ಸಿಕ್ಕಿತಂತೆ.

ಆ ದಿನ ಮುಂಜಾನೆ ನಾನು ಶಂಕ್ರಪ್ಪನವರ ಮನೆಗೆ ಹೋದಾಗ ಮಡಿವಾಳೆಪ್ಪನು ತೊಲೆಗೆ ಸರಪಳಿ ಕಟ್ಟಿಸುತ್ತಿದ್ದನು. ಶಾಲೆಯಿಂದ ಕುರ್ಚಿಗಳು ಬಂದಿದ್ದವು. ಅನ್ನವ್ವ ಹಿತ್ತಲಲ್ಲಿ ತಲೆ ಎರಕೊಳ್ಳುತ್ತಿದ್ದಳು. ಬ್ಯಾಂಕಿನವರು ಬರುತ್ತಾರೆ ಎನ್ನುವುದಷ್ಟೇ ಅವಳಿಗೆ ಗೊತ್ತು. ನಾನು ಅವನನ್ನು ಬದಿಗೆ ಕರೆದೆ.

"ಮನ್ಯಾಗ ದಿನ ತುಂಬಿದ ಬಸುರಿ ಅದಾಳ. ಅಕಿ ಮುಂದ ಬರೇ ತೊಟ್ಟಲಾ ಕಟ್ಟತಿ. ತಲಿ ಸಮ ಐತೇನು ನಿಂದು?"

"ಅಕ್ಕೋರ, ನೀವು ಓದಿದವರು. ಇಂಥಾವೆಲ್ಲಾ ನಂಬತೀರೇನು?"

"ನಾ ನಂಬೂದಿಲ್ಲ. ಅನ್ನವ್ವ ಅಂಜತಾಳ. ಎರಡೂ ಬ್ಯಾರೆ ಬ್ಯಾರೆ."

"ಒಂದ್ ತಾಸಿನ ಮಾತ್ರಿ. ಅಕಿ ಒಳಗ ಇರ್ಲಿ, ನೀವು ಹೊರಗ ಬಿಡಬ್ಯಾಡ್ರಿ. ಇದೊಂದು ಚಂದಂಗ ಆತಂದ್ರ ನೌಕರಿ ನಂದ. ನೌಕರಿ ಬಂದ್ರ ಅಕ್ಕಗ ನಾ ಏನ ಮಾಡೂದಿಲ್ಲ, ಹೇಳ್ರಿ?"

ಅಕ್ಕನಿಗಾಗಿಯೇ ಅಕ್ಕನನ್ನು ಬಲಿಗೊಡುವ ಈ ಲೆಕ್ಕವನ್ನು ಅವನು ಯಾವ ಪುಸ್ತಕದಲ್ಲಿ ಕಲಿತನೋ ತಿಳಿಯದು. ಶಂಕ್ರಪ್ಪನವರಿಗೆ ಹೇಳಿ ನೋಡಿದೆ. ಅವರು ತಲೆಗೆ ಹೊಸ ಪಟಗ ಸುತ್ತಿಕೊಳ್ಳುತ್ತಿದ್ದರು. "ಸಾಹೇಬ್ರು ಮನೀಗೆ ಬರತಾರ ಅಂದ್ರ ಬ್ಯಾಡ ಅನ್ನೂಣೇನ್ರಿ?" ಎಂದು ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡರು. ಚಾವಡಿಯ ಕಟ್ಟೆಯ ಸಲಹೆಗಳಿಗೆ ನಗುತ್ತಿದ್ದ ಮನುಷ್ಯ ಇವರೇ.

ಹೆಂಗಸರು ಬಂದರು. ಆದರೆ ತೊಟ್ಟಿಲು ಕಂಡೊಡನೆ ಹೊಸ್ತಿಲ ಹೊರಗೇ ನಿಂತರು. ಒಬ್ಬರೂ ಒಳಗೆ ಕಾಲಿಡಲಿಲ್ಲ. ಸಾಹೇಬರು ಅದನ್ನು ಹಳ್ಳಿಯವರ ನಾಚಿಕೆ ಎಂದು ತಿಳಿದರು.

"ತೊಟ್ಟಲಾ ಐತಿ, ಕೂಸೆಲ್ಲೈತ್ಯೇ?" ಎಂದು ಗುಂಪಿನಲ್ಲಿದ್ದ ದೇವಕ್ಕ ಪಿಸುಗುಟ್ಟಿದಳು.

"ಆ ದುಂಡನ್ನ ಸಾಹೇಬನ್ನ ಮಲಗಸತಾರೇನ," ಎಂದಳು ನೆರೆಮನೆಯ ಮುದುಕಿ ಕೆಂಚವ್ವ.

"ಹಿಡಸೂದಿಲ್ಲ ಬಿಡ ಬೇ. ಹೊಟ್ಟಿ ಹೊರಗ ಉಳೀತೈತಿ!"

ಹೊರಗೆ ನಗೆಯೆದ್ದಿತು. ಸಾಹೇಬರೂ ಜೊತೆಗೆ ನಕ್ಕು, ಬ್ಯಾಂಕಿನ ಅಧಿಕಾರಿಯ ಕಡೆ ತಿರುಗಿ, ಜನ ಬಹಳ ಉತ್ಸಾಹದಲ್ಲಿದ್ದಾರೆ ಎಂದರು. ಮುಂದೆ ಬಂದು ಹಿಂದಿಯಲ್ಲಿ, ತೊಟ್ಟಿಲು ಹಿಡಿಸಿತೇ ಎಂದು ಕೇಳಿದರು. ಮನೆಗೆ ಬಂದವರ ಮುಖಕ್ಕೆ ಇಲ್ಲವೆನ್ನುವ ರೂಢಿ ನಮ್ಮಲ್ಲಿಲ್ಲ. ದೇವಕ್ಕ, "ಚಲೋ ಐತ್ರಿ," ಎಂದಳು. ಉಳಿದವರು ತಲೆಯಾಡಿಸಿದರು. ಎಲ್ಲರಿಗೂ ಹಿಡಿಸಿದೆ ಎಂದು ಸಾಹೇಬರು ಬರೆದುಕೊಂಡರು. ನೂರಕ್ಕೆ ನೂರು ಎಂದು ಅಧಿಕಾರಿಗೆ ಹೇಳಿದ್ದನ್ನೂ ನಾನು ಕೇಳಿದೆ.

ನಾನು ಅನ್ನವ್ವನ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಆದರೆ ತನ್ನ ತವರುಮನೆಯಲ್ಲಿ ನಗೆ ಕೇಳಿದ ಹೆಂಗಸನ್ನು ಯಾರು ತಡೆಯಬಲ್ಲರು? ಅವಳು ಒದ್ದೆ ಕೂದಲನ್ನು ಗಂಟು ಹಾಕಿಕೊಳ್ಳುತ್ತ ಹೊರಗೆ ಬಂದಳು. ಬಂದವಳು ನಿಂತಲ್ಲೇ ನಿಂತಳು.

"ಯಾರದಿದು?"

ಬಾಗಿಲ ಬದಿಯಲ್ಲಿ, ತೊಟ್ಟಿಲನ್ನು ತಿರುಗಿ ಒಯ್ಯಲೆಂದು ಬಸ್ಸಿನಲ್ಲಿ ಬಂದು ಕಾಯುತ್ತಿದ್ದ ಹನಮಂತಪ್ಪನು ಬೆರಗಾಗಿ, "ನಿಮ್ಮದ ಅಲ್ಲೇನ್ರಿ ತಂಗಿ? ನಿಮ್ಮ ಕೂಸಿಂದಂತ ತಮ್ಮಾರ ಬಂದು ಹೇಳಿದ್ರಲಾ," ಎಂದುಬಿಟ್ಟನು.

ಅನ್ನವ್ವ ತಮ್ಮನನ್ನು ನೋಡಿದಳು. ಅವಳ ಒಂದು ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಇದೆಲ್ಲ ಅರ್ಥವಾಗದ ಸಾಹೇಬರು ಅವಳ ಹೊಟ್ಟೆಯನ್ನು ಮಾತ್ರ ಕಂಡು ಬಹಳ ಹಿಗ್ಗಿದರು. ಇಂಥ ಗಿರಾಕಿಯೇ ಬೇಕಾಗಿತ್ತು ಎಂದರು. "ಮ್ಯಾಡಿ, ತೂಗಿ ತೋರಿಸು. ಎಷ್ಟು ಹಗುರಾಗಿ ತೂಗುತ್ತದೆ ಎಂಬುದನ್ನು ಅವಳು ನೋಡಲಿ."

ಮಡಿವಾಳೆಪ್ಪನ ಕೈ ಸರಪಳಿಯ ಕಡೆಗೆ ಹೋಯಿತು.

"ಮಡಿವಾಳಾ," ಎಂದಳು ಅನ್ನವ್ವ. "ಮುಟ್ಟಬ್ಯಾಡ."

ಕೈ ನಿಂತಿತು. ಆ ಹೊತ್ತಿನಲ್ಲಿ ಕೆಲಸ ಮಾಡಿದ್ದು ಕೆಂಚವ್ವನ ಬುದ್ಧಿ. ಅವಳು ಹೊಸ್ತಿಲು ದಾಟಿ, ಯಾರನ್ನೂ ಕೇಳದೆ ಅಡಿಗೆಮನೆಗೆ ನುಗ್ಗಿ, ಒರಳಿನ ಗುಂಡುಕಲ್ಲನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಮಲಗುವುದು ಈ ಗುಂಡುಕಲ್ಲು. ಅದಕ್ಕೆ ಕುಂಚಿಗೆ ಹಾಕಿ, ಕಾಡಿಗೆ ಹಚ್ಚಿ, ಗುಂಡಪ್ಪನೆಂದು ಕರೆದು ತೂಗುತ್ತಾರೆ. ಕಲ್ಲು ಮಲಗಿದ ತೊಟ್ಟಿಲು ಬರಿದಲ್ಲ. ತೊಟ್ಟಿಲು ತೂಗಿದಂತೆಯೂ ಆಗಬೇಕು, ಬಸುರಿಯ ಮನಸ್ಸೂ ನೋಯಬಾರದು ಎಂದರೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಕೆಂಚವ್ವ ಕಲ್ಲನ್ನು ತೊಟ್ಟಿಲಿನಲ್ಲಿ ಮಲಗಿಸಿ, "ಈಗ ತೂಗೋ, ನನ್ನಪ್ಪಾ. ಬೇಕಾದಷ್ಟು ತೂಗು," ಎಂದಳು.

ಅನ್ನವ್ವನ ಉಸಿರು ಇಳಿದದ್ದು ನನಗೆ ಕೇಳಿಸಿತು.

ಸಾಹೇಬರು ಬಗ್ಗಿ ನೋಡಿ ದೊಡ್ಡದಾಗಿ ನಕ್ಕರು. ಇದೇನು, ಎಷ್ಟು ಭಾರ ತಡೆಯುತ್ತದೆಂದು ಪರೀಕ್ಷೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಬ್ಯಾಂಕಿನ ಅಧಿಕಾರಿಯೂ ನಕ್ಕರು. ಅವರು ನಕ್ಕದ್ದರಲ್ಲಿ ದುರುದ್ದೇಶವೇನೂ ಇರಲಿಲ್ಲ. ಮಡಿವಾಳೆಪ್ಪನು ಬಾಯಿ ತೆರೆದು ಒಂದು ಮಾತು ಹೇಳಿದ್ದರೆ ಆ ಸಂತೋಷದ ಮನುಷ್ಯ ಅದನ್ನೂ ಸಂತೋಷದಿಂದ ಕೇಳಿ ಬರೆದುಕೊಳ್ಳುತ್ತಿದ್ದರು. ಆದರೆ ಮಡಿವಾಳೆಪ್ಪನ ಕಿವಿಗಳು ಕೆಂಪಾದವು. ತನ್ನ ಮನೆಯ ಒರಳಿನ ಕಲ್ಲು ತನ್ನ ಸಾಹೇಬರ ಮುಂದೆ ಸೆರಗು ಹೊದ್ದು ಮಲಗಿದ್ದು ಅವನಿಗೆ ತಡೆಯಲಾಗದ ಅವಮಾನವೆನಿಸಿತು. ಅವನು ಎರಡೂ ಕೈಗಳಿಂದ ಕಲ್ಲನ್ನು ಎತ್ತಿ ನೆಲದ ಮೇಲಿಟ್ಟನು. "ಸಾರಿ ಸರ್," ಎಂದನು. ಆಮೇಲೆ ಸರಪಳಿ ಹಿಡಿದು ಬರಿದು ತೊಟ್ಟಿಲನ್ನು ತೂಗಿದನು.

ಒಮ್ಮೆ ತೂಗಿ ಬಿಡಲಿಲ್ಲ. ಸಾಹೇಬರು ಸಾಕೆನ್ನುವವರೆಗೂ ತೂಗಿದನು. ಸರಪಳಿಯ ಹೊಸ ಕೊಂಡಿಗಳು ಕಿರುಗುಟ್ಟದೆ, ತೊಟ್ಟಿಲು ನಿಜಕ್ಕೂ ಬಹಳ ಹಗುರಾಗಿ ತೂಗುತ್ತಿತ್ತು. ಹೊಸ್ತಿಲ ಹೊರಗೆ ನಗುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಸೆರಗು ಬಾಯಿಗೆ ಹಚ್ಚಿ ಮನೆಗೆ ಹೊರಟುಹೋದರು. ಕೆಂಚವ್ವ ತನ್ನ ಕಲ್ಲನ್ನು ಎತ್ತಿಕೊಂಡು, "ಇದಕ್ಕರ ಜೀವ ಐತಿ," ಎಂದು ಅಡಿಗೆಮನೆಗೆ ತಿರುಗಿ ಒಯ್ದಳು.

ಅನ್ನವ್ವ ಅಳಲಿಲ್ಲ, ಶಪಿಸಲಿಲ್ಲ. ಒಳಗೆ ಹೋಗಿ ತನ್ನ ಟ್ರಂಕಿಗೆ ಸೀರೆಗಳನ್ನು ಹಾಕಿದಳು. ಜೀಪು ಹೋದ ಮೇಲೆ ಹೊರಗೆ ಬಂದು ತಂದೆಗೆ ಹೇಳಿದಳು:

"ಅಪ್ಪಾ, ನಾ ಕುಬಿಹಾಳಕ್ಕ ಹೋಗತೇನಿ. ಬಾಣಂತನ ಅಲ್ಲೇ ಆಗ್ಲಿ."

"ಹುಚ್ಚಿ ಅದಿಯೇನ? ಊರಾಗ ಮಂದಿ ಏನಂದಾರು? ತವರಮನಿ ಬಿಟ್ಟು ಬಾಣಂತನಕ್ಕ ಗಂಡನ ಮನೀಗೆ ಯಾರರ ಹೋಗತಾರೇನು?"

"ಮಂದಿ ಹೊಸ್ತಿಲಾ ಬಿಟ್ಟು ಹೋದದ್ದು ನೋಡಿದೆಲ್ಲಾ ಅಪ್ಪಾ. ಅವರು ಅನ್ನೂದು ಅಂದು ಹೋದ್ರು."

ಮಡಿವಾಳೆಪ್ಪನು ಅಡ್ಡ ನಿಂತನು. ಟೈ ಬಿಚ್ಚಿ ಕೈಯಲ್ಲಿ ಹಿಡಿದಿದ್ದನು. "ಅಕ್ಕಾ, ನಾ ನಿನಗ ಕೆಟ್ಟದ್ದು ಬಯಸೇನೇನು? ಅದೆಲ್ಲಾ ಮೂಢನಂಬಿಕಿ. ತೊಟ್ಟಲಾ ತೂಗಿದ್ರ ಏನಾಗತೈತಿ?"

"ಏನೂ ಆಗೂದಿಲ್ಲ," ಎಂದಳು ಅನ್ನವ್ವ. "ದಾರಿ ಬಿಡು."

ಹುಬ್ಬಳ್ಳಿಯವರೆಗೆ ಬಸ್ಸಿನಲ್ಲಿ, ಅಲ್ಲಿಂದ ಕುಬಿಹಾಳಕ್ಕೆ ಮತ್ತೊಂದು ಬಸ್ಸಿನಲ್ಲಿ ನಾನೇ ಅವಳ ಜೊತೆಗೆ ಹೋದೆ. ಹುಬ್ಬಳ್ಳಿ ದಾಟಿ ಕರಿನೆಲದ ಬಯಲು ಬಂದ ಮೇಲೆ ಒಂದೇ ಸಲ ಮಾತಾಡಿದಳು.

"ತೂಗಿದ್ದಕ್ಕ ಅಲ್ಲ, ತಿಳೀತೇನು? ಕಲ್ಲು ತಗದಿಟ್ಟನಲ್ಲಾ. ಅವಗ ನಾಚಿಕಿ ಬಂತು. ಅವನ್ನ ಸೊಂಟದ ಮ್ಯಾಲೆ ಹೊತಗೊಂಡು ಊರ ತುಂಬಾ ಅಡ್ಡಾಡೂ ಮುಂದ ನನ್ನ ಜೋಡಿ ಹುಡಿಗ್ಯಾರು ನಗತಿದ್ರು. ನನಗ ನಾಚಿಕಿ ಬರಲಿಲ್ಲ."

ತೊಟ್ಟಿಲು ಸೇಡು ತೀರಿಸಿಕೊಂಡಿತೆಂದು ಕೇಳಲು ಕಾದಿರುವ ಓದುಗರಿಗೆ ನಿರಾಶೆಯಾಗಲಿ. ಅನ್ನವ್ವನಿಗೆ ಮುಂಗಾರು ಬಿದ್ದ ಮೇಲೆ ಗಟ್ಟಿಮುಟ್ಟಾದ ಹೆಣ್ಣುಮಗು ಹುಟ್ಟಿತು. ಅದರ ಅಳು ಮೂರು ಮನೆಯಾಚೆ ಕೇಳುತ್ತಿತ್ತು. ಮಡಿವಾಳೆಪ್ಪನ ಬದುಕೂ ಅಷ್ಟೇ ಸುಗಮವಾಗಿ ಸಾಗಿತು. ಸಾಹೇಬರ ವರದಿ ದಪ್ಪನೆಯ ರಟ್ಟಿನೊಳಗೆ ಬ್ಯಾಂಕಿಗೆ ತಲುಪಿತು. ತೊಟ್ಟಿಲುಗಳನ್ನು ಮೊದಲೇ ಮಾಡಿ ಬಸ್ ನಿಲ್ದಾಣದ ಬಳಿ ಸಾಲಾಗಿ ಇಡಬೇಕು, ಮಡಚಿ ಪೆಟ್ಟಿಗೆಯಲ್ಲಿ ಕಟ್ಟುವಂತಿರಬೇಕು, ಎಲ್ಲದಕ್ಕೂ ಒಂದೇ ಚಿತ್ರವಿರಬೇಕು ಎಂದು ಅದರಲ್ಲಿ ಬರೆದಿತ್ತಂತೆ. ಕಲಘಟಗಿಯಲ್ಲಿ ಅಂಥ ಒಂದು ತೊಟ್ಟಿಲನ್ನೂ ಯಾರೂ ಮಾಡಲಿಲ್ಲ. ಬ್ಯಾಂಕಿನವರು ಮಾಡಿರೆಂದು ಕೇಳಲೂ ಇಲ್ಲ. ಆ ವರದಿಯಿಂದ ನಡೆದ ಏಕೈಕ ಕಾರ್ಯವೆಂದರೆ, ಓದು ಮುಗಿದೊಡನೆ ಬರಬಹುದೆಂದು ಮೂವರಲ್ಲಿ ಮಡಿವಾಳೆಪ್ಪನಿಗೆ ಮಾತು ಕೊಟ್ಟದ್ದು. ಶಂಕ್ರಪ್ಪನವರು ಊರಿಗೆಲ್ಲ ಪೇಢೆ ಹಂಚಿದರು. ನಾನು ಬಾಲವಾಡಿಯ ಮಕ್ಕಳಿಗೆ ಕೊಟ್ಟೆ.

ಹೆಸರಿಡುವ ದಿನ ನಾನು ಬೆಳಿಗ್ಗೆಯೇ ಕುಬಿಹಾಳ ತಲುಪಿದ್ದೆ. ಶಂಕ್ರಪ್ಪನವರು ಹಿಂದಿನ ದಿನವೇ ಬಂದು ಕಟ್ಟೆಯ ಮೇಲೆ ಕುಳಿತಿದ್ದರು. ಮನೆಯೊಳಗೆ ತೊಲೆಗೆ ಹಳೆಯ ಇಲಕಲ್ ಸೀರೆಯ ಜೋಳಿಗೆ ಕಟ್ಟಿತ್ತು. ಮಗು ಅದರಲ್ಲಿ ನಿದ್ದೆ ಮಾಡುತ್ತಿತ್ತು. ತವರಿನಿಂದ ಮಡಿವಾಳೆಪ್ಪನು ಬರುತ್ತಾನೆಯೇ ಎಂದು ಬೀಗರು ಒಮ್ಮೆ ಕೇಳಿ, ಅನ್ನವ್ವನ ಮುಖ ನೋಡಿ ಮಾತು ಬದಲಿಸಿದ್ದರು.

ಅವನು ಬಂದನು. ಹುಬ್ಬಳ್ಳಿಯ ಇಸ್ಮಾಯಿಲಸಾಬನ ಟೆಂಪೋದಲ್ಲಿ, ಹುಲ್ಲಿನ ಮೇಲೆ ಮಲಗಿಸಿದ ಅದೇ ತೊಟ್ಟಿಲಿನೊಡನೆ ಬಂದನು. ಈ ಸಲ ಟೈ ಇರಲಿಲ್ಲ. ಬಿಳಿಯ ಅಂಗಿ, ಹಣೆಯಲ್ಲಿ ವಿಭೂತಿ. ಊರಿನ ಹುಡುಗನಂತೆ ಕಾಣಲು ಬಹಳ ಶ್ರಮ ಪಟ್ಟಿದ್ದನು. ಹಗ್ಗ ಬಿಚ್ಚಲು ಹೇಳಿ ಬಾಗಿಲಿಗೆ ಬಂದನು.

"ಅಕ್ಕಾ, ತೊಟ್ಟಲಾ ತಂದೀನಿ."

ಅನ್ನವ್ವ ಬಾಗಿಲಿಗೆ ಬಂದು ಟೆಂಪೋವನ್ನು ನೋಡಿದಳು. ಶಿವನ ಮುಖ ಹುಲ್ಲಿನಿಂದ ಹೊರಗೆ ಕಾಣುತ್ತಿತ್ತು.

"ಇಳಸಬ್ಯಾಡ. ಕೂಸು ಜೋಳಿಗ್ಯಾಗ ಮಲಗೇತಿ."

"ತವರಿನ ತೊಟ್ಟಲಾ ಅಕ್ಕಾ ಇದು. ನಿನ್ನ ಕೂಸಿಂದಂತ ಹೇಳೇ ಮಾಡಿಸಿದ್ದು."

"ಹೇಳಿ ಮಾಡಿಸಿದ್ದು ಖರೇ. ಕೈಕಾಲು ತೊಳಕೊ, ಉಂಡು ಹೋಗು. ಹುಗ್ಗಿ ಮಾಡೇವಿ."

"ಎಲ್ಲಾರ ಮುಂದ ನನ್ನ ಮರ್ಯಾದಿ ಕಳೀಬ್ಯಾಡ, ಅಕ್ಕಾ," ಎಂದು ಅವನು ದನಿ ತಗ್ಗಿಸಿದನು. ಕಣ್ಣಲ್ಲಿ ನೀರಿತ್ತು. ನೀರು ನಿಜವಾದದ್ದೇ ಎಂದು ನಾನು ಒಪ್ಪುತ್ತೇನೆ. ಆದರೆ ಆ ಹೊತ್ತಿನಲ್ಲಿಯೂ ಅವನು ಅಕ್ಕನ ಮುಖವನ್ನು ನೋಡುತ್ತಿರಲಿಲ್ಲ, ಕಟ್ಟೆಯ ಮೇಲೆ ಕುಳಿತ ಬೀಗರನ್ನು ನೋಡುತ್ತಿದ್ದನು.

ಅನ್ನವ್ವನೂ ಅದನ್ನು ಕಂಡಳು. ತಲೆ ಸವರುವವಳಂತೆ ಒಂದು ಕೈಯನ್ನು ಅರ್ಧ ಎತ್ತಿದಳು, ಮತ್ತೆ ಇಳಿಸಿದಳು. ಒಳಗೆ ಮಗು ಎಚ್ಚರಾಗಿ ಚೀರಿತು. ಅವಳು ಒಳಗೆ ಹೋದಳು.

ಅವನು ಉಣ್ಣಲಿಲ್ಲ. ಅಂಗಳದಲ್ಲಿ ಇಸ್ಮಾಯಿಲಸಾಬನು ಬಿಚ್ಚಿದ ಹಗ್ಗವನ್ನು ಕೈಗೆ ಸುತ್ತಿಕೊಂಡು ಕಾಯುತ್ತಿದ್ದನು. "ಎಲ್ಲಿ ಇಳಸೂಣ್ರೀ ಇದನ್ನ, ಸಾಹೇಬ್ರ?" ಎಂದು ಕೇಳಿದನು. ಮಿಶ್ರಿಕೋಟಿಯ ಪಡಸಾಲೆಗೆ ಅದನ್ನು ಮತ್ತೆ ತರಬೇಡವೆಂದು ಶಂಕ್ರಪ್ಪನವರು ಹೇಳಿದ್ದರು. ಹನಮಂತಪ್ಪನು ಅದನ್ನು ತಿರುಗಿ ಮುಟ್ಟುವುದಿಲ್ಲವೆಂದು ಆಣೆ ಇಟ್ಟಿದ್ದನು. ಯಾವ ತಾಯಿಯೂ ಅದನ್ನು ಪುಕ್ಕಟೆ ಕೊಟ್ಟರೂ ಒಯ್ಯುವಂತಿರಲಿಲ್ಲ. ಕಥೆ ಆಗಲೇ ಕುಂದಗೋಳದವರೆಗೆ ಹಬ್ಬಿತ್ತು.

ಮಡಿವಾಳೆಪ್ಪನು ಟೆಂಪೋದ ಬದಿಯಲ್ಲಿ ನಿಂತು ಯೋಚಿಸುತ್ತಿದ್ದನು. ಅವನು ಏನು ಉತ್ತರ ಕೊಟ್ಟನೆಂದು ನನಗೆ ಗೊತ್ತಿಲ್ಲ. ಒಳಗೆ ಮಗುವಿಗೆ ಹೆಸರು ಕರೆಯುವ ಹೊತ್ತಾಗಿತ್ತು; ಜೋಳಿಗೆಯ ಒಂದು ತುದಿ ಹಿಡಿಯಲು ಅನ್ನವ್ವ ನನ್ನನ್ನು ಕರೆದಳು.